ಒಳಶಕ್ತಿಯ ಸಮರ ಕಲೆ ಕಲಿಯಹೊರಡುವವರಿಗೆ: ಉದ್ದೇಶದ ಶೋಧನೆ, ಬಾಗಿಲಿನ ಪರೀಕ್ಷೆ

ತೋಳಬಲಕ್ಕಿಂತ ನಿಲುವು, ಉಸಿರು, ಮನಸ್ಸಿನ ಹಿಡಿತಕ್ಕೆ ಒತ್ತು ಕೊಡುವ, ಚೀನಾದ ಆಂತರಿಕ ಸಮರ ಕಲೆಗಳೆಂದು ಹೆಸರಾದ ತಾಯ್ ಚಿ, ಶಿಂಗ್‌ಯಿ, ಬಾಗುವಾ ಎಂಬ ಮೂರರಲ್ಲಿ ಯಾವುದನ್ನು ಕಲಿಯಲು ಹೋದರೂ ಕೆಲವೇ ತಿಂಗಳಲ್ಲಿ ಒಂದು ಮಾತು ಕಿವಿಗೆ ಬೀಳುತ್ತದೆ: "ಅದನ್ನು ನಿಮಗೆ ಈಗಲೇ ಹೇಳಿಕೊಡಲಾಗದು." ಆ ಮಾತಿನ ಹಿಂದೆ ಕೆಲವೊಮ್ಮೆ ಶಿಷ್ಯರ ಮೊಣಕಾಲಿನ ಮೇಲಿನ ಕಾಳಜಿ ಇರುತ್ತದೆ, ಕೆಲವೊಮ್ಮೆ ಮನೆತನದ ಹಳೆಯ ಕಟ್ಟುಪಾಡು ಇರುತ್ತದೆ, ಇನ್ನು ಕೆಲವೊಮ್ಮೆ ಹೇಳಿಕೊಡಬೇಕಾದವರಿಗೇ ಅದು ಬಾರದೆಂಬ ಸಂಗತಿ ಅಡಗಿರುತ್ತದೆ. ಹೊರಗೆ ನಿಂತವರಿಗೆ ಮೂರೂ ಒಂದೇ ಮುಚ್ಚಿದ ಬಾಗಿಲಾಗಿ ಕಾಣುವುದರಿಂದ, ಅವನ್ನು ಬೇರ್ಪಡಿಸಿ ನೋಡುವ ಬಗೆಯನ್ನು ಇಲ್ಲಿ ವಿವರಿಸಿದ್ದೇನೆ. ಆದರೆ ಬಾಗಿಲಿನ ಪರೀಕ್ಷೆಗೆ ಮೊದಲು ತಾವು ಏಕೆ ಬಂದೆವೆಂಬುದನ್ನು ಕಲಿಯುವವರು ಪರೀಕ್ಷಿಸಿಕೊಳ್ಳಬೇಕಾಗುತ್ತದೆ. ಉದ್ದೇಶ ಸ್ಪಷ್ಟವಾಗಿದ್ದವರಿಗೆ ಈ ಬಾಗಿಲುಗಳಲ್ಲಿ ಹೆಚ್ಚಿನವನ್ನು ತಟ್ಟುವ ಅಗತ್ಯವೇ ಬೀಳುವುದಿಲ್ಲ.

ಯಾರಿಗೆ ಕಲಿಸಬಾರದು ಎಂಬ ಹಳೆಯ ಪಟ್ಟಿ

ಸಮರ ಕಲೆಯಲ್ಲಿ 'ಒಳಗಿನ ಪಂಥ' ಎಂಬ ಮಾತು ಸ್ಪಷ್ಟವಾಗಿ ಮೊದಲು ಸಿಗುವುದು 1669ರ ಒಂದು ಸಮಾಧಿಲೇಖದಲ್ಲಿ. ನಿಂಗ್ಬೊ ಪ್ರದೇಶದ ವಾಂಗ್ ಝೆಂಗ್‌ನಾನ್ ಎಂಬ ಯೋಧ ತೀರಿಕೊಂಡಾಗ, ಮಿಂಗ್ ರಾಜವಂಶಕ್ಕೆ ನಿಷ್ಠರಾಗಿಯೇ ಉಳಿದಿದ್ದ ಹುವಾಂಗ್ ಜೊಂಗ್‌ಶಿ ಎಂಬ ದೊಡ್ಡ ವಿದ್ವಾಂಸರು ಅದನ್ನು ಬರೆದರು. ಶಾವೊಲಿನ್ ಮಠದ ಕಲೆಯನ್ನು ಹೊರಗಿನದೆಂದೂ ವಾಂಗ್ ಅವರದನ್ನು ಒಳಗಿನದೆಂದೂ ಅವರು ವಿಂಗಡಿಸಿದರು. ಮಿಂಗ್ ವಂಶದ ನಂತರ ಹೊರಗಿನಿಂದ ಬಂದು ಚೀನಾವನ್ನು ಆಳತೊಡಗಿದ ಮಂಚುಗಳ ಆಳ್ವಿಕೆಯ ಆರಂಭದ ದಿನಗಳಲ್ಲಿ ಬರೆದ ಈ ಒಳಗು-ಹೊರಗಿನ ಮಾತಿನಲ್ಲಿ ಸಮರ ಕಲೆಗಿಂತ ರಾಜಕೀಯವೇ ಹೆಚ್ಚಿದೆ ಎಂದು ಭಾವಿಸುವ ವಿದ್ವಾಂಸರೂ ಇದ್ದಾರೆ. ವಾಂಗ್ ಅವರ ಕಲೆಯೇ ಇಂದಿನ ತಾಯ್ ಚಿ ಎಂದು ಹೇಳಲು ಆಧಾರವಿಲ್ಲ. ಹಾಗಿದ್ದರೂ ಈ ಪ್ರಸಂಗ ನಮಗೆ ಬೇಕಾಗುವುದು ಹುವಾಂಗ್ ಅವರ ಮಗ ಹುವಾಂಗ್ ಬೈಜಿಯಾ ಅವರಿಂದಾಗಿ. ಅವರು ವಾಂಗ್ ಅವರ ಬಳಿ ನೇರವಾಗಿ ಕಲಿತವರು. ಕಲಿತದ್ದನ್ನು ಮುಂದೆ ಬರಹದಲ್ಲಿ ಇಳಿಸಿದಾಗ, ತಮ್ಮ ಗುರು ಐದು ಬಗೆಯವರಿಗೆ ಕಲಿಸುತ್ತಿರಲಿಲ್ಲವೆಂದು ದಾಖಲಿಸಿದರು. ಮನಸ್ಸಿನಲ್ಲಿ ಕಪಟವಿರುವವರು, ಜಗಳ ಬಯಸುವವರು, ಕುಡಿದು ಮೈಮರೆಯುವವರು, ಕಲಿತದ್ದನ್ನು ಹಗುರವಾಗಿ ಎಲ್ಲರೆದುರು ತೋರಿಸುವವರು, ಮೂಳೆ ಮೆತ್ತಗಾಗಿ ಗ್ರಹಿಕೆ ಮಂದವಾಗಿರುವವರು: ಇವರೇ ಆ ಐವರು.

ಗಮನಿಸಿ, ಐದರಲ್ಲಿ ಒಂದು ಮಾತ್ರ ದೇಹಶಕ್ತಿಗೆ ಸಂಬಂಧಿಸಿದೆ. ಉಳಿದ ನಾಲ್ಕೂ ನಡತೆಯನ್ನು, ಅದರ ಹಿಂದಿನ ಬಯಕೆಯನ್ನು ನೋಡುತ್ತವೆ. ಇಷ್ಟು ಬಿಗಿಯಾಗಿ ಆರಿಸಿದ ಗುರುವಿಗೆ ಕೊನೆಗೆ ಸಿಕ್ಕ ಶಿಷ್ಯ ಏನು ಮಾಡಿದರು ಎಂಬುದು ಪಟ್ಟಿಗಿಂತಲೂ ಹೆಚ್ಚು ಕಲಿಸುತ್ತದೆ. ಮನೆಯ ಸ್ಥಿತಿ ಕುಸಿಯುತ್ತಿದ್ದುದನ್ನು ಕಂಡ ಬೈಜಿಯಾ, ಈ ವಿದ್ಯೆ ಕೈಗೂಡಿದರೂ ಇಂಥ ಕಾಲದಲ್ಲಿ ಅದರಿಂದ ಏನು ಉಪಯೋಗ ಎಂದುಕೊಂಡು, ಅಭ್ಯಾಸ ಬಿಟ್ಟು ಸರ್ಕಾರಿ ಪರೀಕ್ಷೆಯ ಓದಿಗೆ ತಿರುಗಿದರು. ಗುರು ಪಟ್ಟಣಕ್ಕೆ ಬಂದಾಗಲೆಲ್ಲ ಅವರ ಕೋಣೆಗೆ ಬಂದು, ವರಸೆಗಳ ಸಂಖ್ಯೆ ಮುಖ್ಯವಲ್ಲ, ಪಳಗುವುದು ಮುಖ್ಯವೆಂದು ಕಳಕಳಿಯಿಂದ ಹೇಳುತ್ತಿದ್ದರಂತೆ. ಗುರು ಹೋದ ಮೇಲೆ, ತಾನು ಅವರ ನಂಬಿಕೆ ಉಳಿಸಿಕೊಳ್ಳಲಿಲ್ಲ, ಆ ಕಲೆ ಇನ್ನು ಅಳಿದಂತೆಯೇ ಎಂಬ ಸಂಕಟದಲ್ಲಿ ಶಿಷ್ಯ ಎಲ್ಲವನ್ನೂ ಬಿಡಿಬಿಡಿಯಾಗಿ ಬರೆದಿಟ್ಟರು. ಮುಂದೆ ಆಸಕ್ತಿಯುಳ್ಳವರು ಅದರಿಂದ ಪಡೆದುಕೊಳ್ಳಲಿ ಎಂಬುದು ಅವರ ಆಸೆ. ಬಾಗಿಲನ್ನು ಒಬ್ಬರಿಗಾಗಿ ಮಾತ್ರ ತೆರೆದಿಟ್ಟರೆ ಆ ಒಬ್ಬರ ಉದ್ದೇಶ ಬದಲಾದ ದಿನವೇ ವಿದ್ಯೆ ನಿಲ್ಲುತ್ತದೆ. ಉದ್ದೇಶವಾದರೋ ಬದಲಾಗಿಯೇ ಆಗುತ್ತದೆ. ಆದುದರಿಂದ ನಿಮ್ಮದನ್ನು ಒಮ್ಮೆ ಗುರುತಿಸಿ ಕೈಬಿಡದೆ, ವರ್ಷಕ್ಕೊಮ್ಮೆಯಾದರೂ ಮರಳಿ ಕೇಳಿಕೊಳ್ಳಿ.

ನಿಮ್ಮ ಉದ್ದೇಶವನ್ನು ಗುರುತಿಸುವ ಬಗೆ

ಮೊದಲು ಒಂದು ಹಾಳೆಯ ಮೇಲೆ ಒಂದೇ ವಾಕ್ಯ ಬರೆಯಿರಿ: ಒಂದು ವರ್ಷದ ಬಳಿಕ ಇಂದು ನನ್ನಿಂದ ಆಗದ ಯಾವ ಕೆಲಸ ನನ್ನ ದೇಹದಿಂದ ಆಗಬೇಕು? ವಾಕ್ಯದಲ್ಲಿ ಬೇರೆಯವರು ನೋಡಿ 'ಹೌದು' ಅಥವಾ 'ಇಲ್ಲ' ಎನ್ನಬಹುದಾದ ಒಂದು ಕೆಲಸ ಇರಬೇಕು. "ಒಳಶಕ್ತಿ ಜಾಗೃತವಾಗಬೇಕು" ಎಂಬುದನ್ನು ಯಾರೂ ನೋಡಿ ಹೇಳಲಾರರು. "ಮೆಟ್ಟಿಲು ಇಳಿಯುವಾಗ ಕಂಬಿ ಹಿಡಿಯಬಾರದು" ಎಂಬುದನ್ನು ಯಾರು ಬೇಕಾದರೂ ನೋಡಬಹುದು. ಬರೆಯಲು ಹೊರಟಾಗ ಒಂದಕ್ಕಿಂತ ಹೆಚ್ಚು ಉದ್ದೇಶಗಳು ಹೆಣೆದುಕೊಂಡಿರುವುದು ಕಂಡುಬಂದರೆ ಅದು ತಪ್ಪಲ್ಲ. ಅವುಗಳಲ್ಲಿ ಯಾವುದು ಈಡೇರದಿದ್ದರೆ ನೀವು ಕಲಿಕೆ ಬಿಡುವಿರೋ ಅದೇ ನಿಮ್ಮ ನಿಜವಾದ ಉದ್ದೇಶ.

ಆರೋಗ್ಯ ಮತ್ತು ಸಮತೋಲಕ್ಕಾಗಿ ಬಂದವರ ದಾರಿ ಎಲ್ಲರಿಗಿಂತ ಸುಲಭವಾದದ್ದು. 2012ರಲ್ಲಿ ಪ್ರಕಟವಾದ ಅಮೆರಿಕದ ಒರೆಗಾನ್ ರಾಜ್ಯದ ಅಧ್ಯಯನವೊಂದರಲ್ಲಿ ಪಾರ್ಕಿನ್‌ಸನ್ ಕಾಯಿಲೆಯ 195 ಮಂದಿಯನ್ನು ಮೂರು ಗುಂಪು ಮಾಡಿ, ವಾರಕ್ಕೆರಡು ಬಾರಿಯಂತೆ 24 ವಾರ ಅಭ್ಯಾಸ ಮಾಡಿಸಿದಾಗ, ತಾಯ್ ಚಿ ಮಾಡಿದವರ ನಿಲುವಿನ ಸ್ಥಿರತೆ ಉಳಿದೆರಡು ಗುಂಪುಗಳಿಗಿಂತ ಉತ್ತಮಗೊಂಡಿತ್ತು. ಹಿರಿಯರು ಬೀಳುವುದನ್ನು ತಡೆಯುವ ವ್ಯಾಯಾಮಗಳ ಬಗ್ಗೆ 2019ರಲ್ಲಿ ಹೊರಬಂದ, ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸುವ ಕಾಕ್ರೇನ್ ಸಂಸ್ಥೆಯ ಸಮೀಕ್ಷೆಯು, ತಾಯ್ ಚಿಯಿಂದ ಬೀಳುವ ಪ್ರಮಾಣ ಸುಮಾರು ಶೇ 19ರಷ್ಟು ತಗ್ಗಬಹುದೆಂದು ಅಂದಾಜಿಸಿದೆ. ಇಷ್ಟಕ್ಕೆ ವಂಶಾವಳಿ ಬೇಡ, ಗುಟ್ಟು ಬೇಡ, ದೀಕ್ಷೆ ಬೇಡ. 1956ರಲ್ಲಿ ಚೀನಾದ ಕ್ರೀಡಾ ಆಯೋಗವು ತಾಯ್ ಚಿಯ ಯಾಂಗ್ ಶೈಲಿಯಿಂದ ಆಯ್ದು ರೂಪಿಸಿದ 24 ಚಲನೆಗಳ ಸರಣಿಯನ್ನು ತಾಳ್ಮೆಯಿಂದ ಕಲಿಸುವ ಯಾರಾದರೂ ಸಾಕು. ಆರೋಗ್ಯವೇ ಗುರಿಯೆಂದು ಹೇಳಿದ ಮೇಲೂ ಒಬ್ಬರು ನಿಮಗೆ ಒಳಗಿನ ಬಾಗಿಲಿನ ಮಾತನ್ನೇ ಆಡುತ್ತಿದ್ದರೆ, ಅವರು ನಿಮ್ಮಲ್ಲಿ ಬೇರೊಂದು ಬಯಕೆ ಹುಟ್ಟಿಸಲು ನೋಡುತ್ತಿದ್ದಾರೆ ಎಂದೇ ಅರ್ಥ.

ಹೊಡೆದಾಟದ ಸಾಮರ್ಥ್ಯಕ್ಕಾಗಿ ಬರುವವರಿಗೆ ನಿಷ್ಠುರವಾದ ಮಾತೊಂದನ್ನು ಹೇಳಬೇಕಾಗುತ್ತದೆ. ತಾಯ್ ಚಿ ಕಲಿತವರು ಹತ್ತು ವರ್ಷ ಹೊಸ್ತಿಲು ದಾಟಬಾರದು ಎಂಬ ಅರ್ಥದ ಗಾದೆ ಚೀನಾದಲ್ಲೇ ಇದೆ. ಶಿಂಗ್‌ಯಿ ಬೇಗ ಕೈಗೆ ಬರುತ್ತದೆಂದು ಅದೇ ಗಾದೆಗಳ ಲೋಕ ಹೇಳುತ್ತದೆಯಾದರೂ, ಎದುರಾಳಿ ಮನಸಾರೆ ಎದುರಿಸುವ ಅಭ್ಯಾಸವಿಲ್ಲದೆ ಯಾವ ಶೈಲಿಯೂ ಹೊಡೆದಾಟಕ್ಕೆ ಸಿದ್ಧಗೊಳಿಸದು. 2017ರ ಏಪ್ರಿಲ್‌ನಲ್ಲಿ ಚೆಂಗ್ಡು ನಗರದಲ್ಲಿ ಮಿಶ್ರ ಸಮರ ಕಲೆಯ ಪಟು ಶು ಶಿಯಾವೊಡಾಂಗ್, ತಾಯ್ ಚಿ ಗುರುವೆಂದು ಹೆಸರು ಮಾಡಿದ್ದ ವೇಯ್ ಲೇಯ್ ಅವರನ್ನು ಅರ್ಧ ನಿಮಿಷವೂ ಆಗುವ ಮೊದಲೇ ಕೆಡವಿದರು. 2020ರ ಮೇ ತಿಂಗಳಲ್ಲಿ, ತಾಯ್ ಚಿ ಗುರುವೆಂದೇ ಹೇಳಿಕೊಂಡಿದ್ದ, ಎಪ್ಪತ್ತರ ಹತ್ತಿರದ ಮಾ ಬಾವ್‌ಗುವೊ ಪಂದ್ಯವೊಂದರಲ್ಲಿ ಸುಮಾರು ಅರ್ಧ ನಿಮಿಷದಲ್ಲಿ ಮೂರು ಬಾರಿ ನೆಲಕ್ಕುರುಳಿದರು. ಈ ದೃಶ್ಯಗಳಿಂದ ಇಡೀ ಕಲೆ ಪೊಳ್ಳೆಂದು ತೀರ್ಮಾನಿಸುವುದು ಅವಸರ. ಆದರೆ ಹೊರಗಿನವರ ಕೈ ತಾಗದ ಕೋಣೆಯಲ್ಲಿ ಬೆಳೆದ ಆತ್ಮವಿಶ್ವಾಸದ ಬೆಲೆಯೇನೆಂಬುದು ಅವುಗಳಲ್ಲಿ ಚೆನ್ನಾಗಿ ಕಾಣುತ್ತದೆ. ಹಿಂದಿನ ಕಾಲದಲ್ಲಿ ಇದು ಬೇರೆಯಾಗಿತ್ತೆಂದು ಕನಸು ಕಾಣುವವರು 1954ರ ಜನವರಿಯಲ್ಲಿ ಮಕಾವಿನಲ್ಲಿ ನಡೆದ ಸಹಾಯಾರ್ಥ ಪಂದ್ಯವನ್ನು ನೆನೆಯಬಹುದು. ತಾಯ್ ಚಿಯ ವು ಶೈಲಿಯ ಹಿರಿಯ ವು ಗೊಂಗ್‌ಯಿ ಮತ್ತು ಶ್ವೇತ ಕೊಕ್ಕರೆ ಪಂಥದ ಚೆನ್ ಕೆಫು ನಡುವಿನ ಆ ಕಾಳಗ ಎರಡನೆಯ ಸುತ್ತಿನಲ್ಲೇ ನಿಂತು, ಯಾರೂ ಗೆಲ್ಲಲಿಲ್ಲ ಯಾರೂ ಸೋಲಲಿಲ್ಲ ಎಂಬ ತೀರ್ಪಿನೊಂದಿಗೆ ಮುಗಿಯಿತು. ಉಳಿದಿರುವ ಚಿತ್ರಣದಲ್ಲಿ ಕಾಣುವುದು ತೂರಾಡುವ ಕೈಗಳು, ಮೂಗಿನ ರಕ್ತ, ಇಬ್ಬರು ಧೈರ್ಯಶಾಲಿಗಳು. ನಿಮ್ಮ ಉದ್ದೇಶ ಹೊಡೆದಾಟವಾದರೆ, ಬಾಕ್ಸಿಂಗ್ ಅಥವಾ ಕುಸ್ತಿಯನ್ನು ಜೊತೆಯಲ್ಲಿಟ್ಟುಕೊಂಡು, ಆಂತರಿಕ ಕಲೆಯಿಂದ ನಿಲುವಿನ ಬೇರು ಮತ್ತು ಸಂಪರ್ಕದ ಸೂಕ್ಷ್ಮತೆಯನ್ನು ಪಡೆಯಿರಿ. ಅದಕ್ಕೆ ಒಪ್ಪದ ಗುರುವಿನ ಬಳಿ ನಿಮ್ಮ ಕೆಲಸವಾಗದು.

ಅತಿ ಹೆಚ್ಚು ಮೋಸಹೋಗುವವರು ಶಕ್ತಿಯ ಅನುಭವಕ್ಕಾಗಿ ಬರುವವರು. ದೀರ್ಘಕಾಲ ಕಂಬದಂತೆ ನಿಂತು ಮಾಡುವ ಜಾನ್ ಜುವಾಂಗ್ ಅಭ್ಯಾಸದಲ್ಲಿ ಅಂಗೈ ಬಿಸಿಯಾಗುತ್ತದೆ, ತೊಡೆ ನಡುಗುತ್ತದೆ, ಬೆರಳ ತುದಿ ಜುಮ್ಮೆನ್ನುತ್ತದೆ. ಇವು ಸ್ನಾಯು ಮತ್ತು ರಕ್ತಸಂಚಾರದ ಸಹಜ ಪ್ರತಿಕ್ರಿಯೆಗಳಾಗಿರಬಹುದು. ಇವನ್ನು ಸಾಧನೆಯ ಮೆಟ್ಟಿಲುಗಳೆಂದು ಎಣಿಸತೊಡಗಿದಾಗ ಶಿಷ್ಯರ ಗಮನ ನಿಲುವಿನಿಂದ ಸಂವೇದನೆಯ ಕಡೆಗೆ ಜಾರಿಬಿಡುತ್ತದೆ. ಚೀನೀ ಗುರುಗಳು ಇಂಥ ದಾರಿತಪ್ಪುವಿಕೆಯ ಬಗ್ಗೆ ಹಿಂದಿನಿಂದಲೂ ಎಚ್ಚರಿಸುತ್ತ ಬಂದಿದ್ದಾರೆ. ಅಮೆರಿಕದ ಮನೋವೈದ್ಯರ ಸಂಘವು 1994ರಲ್ಲಿ ಹೊರತಂದ ರೋಗನಿರ್ಣಯ ಕೈಪಿಡಿಯು, ಉಸಿರು ಮತ್ತು ನಿಧಾನ ಚಲನೆಯ ಛಿಗೊಂಗ್ ಅಭ್ಯಾಸದ ನಂತರ ಕಾಣಿಸಿಕೊಳ್ಳುವ ಮನೋವಿಕಾರವನ್ನು ಸಂಸ್ಕೃತಿ-ವಿಶಿಷ್ಟ ಲಕ್ಷಣಗಳ ಪಟ್ಟಿಯಲ್ಲಿ ಸೇರಿಸಿತ್ತು. ತೀವ್ರ ಆತಂಕ, ನಿದ್ರಾಹೀನತೆ ಅಥವಾ ಮನೋರೋಗದ ಹಿನ್ನೆಲೆಯಿರುವವರು ವೈದ್ಯರಿಗೆ ತಿಳಿಸದೆ ಗಂಟೆಗಟ್ಟಲೆ ನಿಲ್ಲುವ, ಉಸಿರು ಹಿಡಿಯುವ ಅಭ್ಯಾಸಕ್ಕೆ ಇಳಿಯಬಾರದು. ಉಳಿದವರೂ ಐದು ನಿಮಿಷದಿಂದ ಆರಂಭಿಸಿ, ಮೊಣಕಾಲು ಒಳಕ್ಕೆ ಕುಸಿಯದೆ ಪಾದದ ದಿಕ್ಕಿನಲ್ಲೇ ಇರುವಂತೆ ನೋಡಿಕೊಂಡು ನಿಧಾನವಾಗಿ ಹೆಚ್ಚಿಸಲಿ.

ಪರಂಪರೆಯೊಂದರ ಸದಸ್ಯರೆನಿಸಿಕೊಳ್ಳುವ ಆಸೆ ಇನ್ನೊಂದು ಉದ್ದೇಶ, ಅದನ್ನು ಒಪ್ಪಿಕೊಳ್ಳಲು ಎಲ್ಲರಿಗೂ ಸಂಕೋಚ. ಈ ಆಸೆ ಎಲ್ಲಿಗೆ ಒಯ್ಯುತ್ತದೆಂದು ತಿಳಿಯಲು 1928ರಲ್ಲಿ ನಾನ್‌ಜಿಂಗ್‌ನಲ್ಲಿ ಸಮರ ಕಲೆಗಳಿಗಾಗಿ ಆರಂಭವಾದ ಕೇಂದ್ರೀಯ ರಾಷ್ಟ್ರಕಲಾ ಸಂಸ್ಥೆಯ ಕಥೆ ಸಾಕು. ದೇಶವನ್ನು ಒಗ್ಗೂಡಿಸಲೆಂದು ಕಟ್ಟಿದ ಆ ಸಂಸ್ಥೆಯನ್ನು ಶಾವೊಲಿನ್ (ಹೊರಗಿನ ಪಂಥ) ಮತ್ತು ವುಡಾಂಗ್ (ಒಳಗಿನ ಪಂಥ) ಎಂಬ ಎರಡು ವಿಭಾಗಗಳಾಗಿ ಒಡೆದದ್ದೇ ತಡ, ಎರಡೂ ಕಡೆಯ ಮುಂದಾಳುಗಳು ಪರಸ್ಪರ ಹೊಡೆದಾಡುವ ಮಟ್ಟಕ್ಕೆ ಹೋದರು, ವಿಭಾಗಗಳನ್ನೇ ರದ್ದುಮಾಡಬೇಕಾಯಿತು. ಭಾರತೀಯ ಕಲಿಕೆಗಾರರಲ್ಲಿ ಇದರ ಇನ್ನೊಂದು ರೂಪ ಕಾಣುತ್ತದೆ: ಈ ವಿದ್ಯೆಯೆಲ್ಲ ಭಾರತದಿಂದ ಚೀನಾಕ್ಕೆ ಹೋದ ಬೌದ್ಧ ಭಿಕ್ಷು ಬೋಧಿಧರ್ಮರಿಂದ ಹೋದದ್ದು, ಹಾಗಾಗಿ ಮೂಲತಃ ನಮ್ಮದೇ ಎಂಬ ಹೆಮ್ಮೆ. ಆ ಕಥೆಗೆ ಬಲ ಬಂದದ್ದು 17ನೆಯ ಶತಮಾನದಲ್ಲಿ ಕಾಣಿಸಿಕೊಂಡು ಬೋಧಿಧರ್ಮರ ಹೆಸರನ್ನು ಹೊತ್ತ ವ್ಯಾಯಾಮ ಗ್ರಂಥವೊಂದರಿಂದ. ಚೀನೀ ಇತಿಹಾಸಕಾರ ತಾಂಗ್ ಹಾವ್ ಆ ಆರೋಪಣೆಯನ್ನೂ, ತಾಯ್ ಚಿಯನ್ನು ಝಾಂಗ್ ಸಾನ್‌ಫೆಂಗ್ ಎಂಬ ದಾವೊ ಸಿದ್ಧರಿಗೆ ಕಟ್ಟಿದ ಕಥೆಯನ್ನೂ 1930ರ ದಶಕದಲ್ಲೇ ಒರೆಗೆ ಹಚ್ಚಿ ತಿರಸ್ಕರಿಸಿದ್ದಾರೆ. ಮೊದಲ ತರಗತಿಯಲ್ಲೇ ಬೋಧಿಧರ್ಮರ ಮಾತೆತ್ತಿ ಚೀನೀ ಗುರುವಿಗೆ ಪಾಠ ಹೇಳಲು ಹೊರಡಬೇಡಿ ಎಂಬುದಷ್ಟೇ ನನ್ನ ವಿನಂತಿ.

ಬಾಗಿಲಿನ ಹಿಂದೆ ಈಗ ಏನು ಉಳಿದಿದೆ

ಹೆನಾನ್ ಪ್ರಾಂತದ ಚೆನ್‌ಜಿಯಾಗೋ ಗ್ರಾಮದಲ್ಲಿ ಚೆನ್ ಮನೆತನದವರು ತಮ್ಮೊಳಗೇ ಇಟ್ಟುಕೊಂಡಿದ್ದ ಕಲೆಯನ್ನು ಹೊರಗಿನವರಾದ ಯಾಂಗ್ ಲೂಚಾನ್ (1799–1872) ಕಲಿತರು. ಅವರು ಆಳಿನ ವೇಷದಲ್ಲಿದ್ದು ಗೋಡೆಯ ಸಂದಿನಿಂದ ಕದ್ದು ನೋಡಿ ಕಲಿತರೆಂಬ ಕಥೆ ಬಹಳ ಪ್ರಸಿದ್ಧವಾಗಿದೆ. ಗುರುಗಳಿಗೂ ಶಿಷ್ಯರಿಗೂ ಅದು ಪ್ರಿಯ. ಕಥೆಯನ್ನು ಬದಿಗಿಟ್ಟು ನೋಡಿದರೆ ಉಳಿಯುವ ಸಂಗತಿ ಸರಳ: ಚೆನ್ ಚಾಂಗ್‌ಶಿಂಗ್ (1771–1853) ಮನೆತನಕ್ಕೆ ಸೇರದ ಒಬ್ಬರಿಗೆ ಕಲಿಸಿದರು, ಆ ಒಬ್ಬರು ಬೀಜಿಂಗ್‌ಗೆ ಹೋಗಿ ಮಂಚು ಶ್ರೀಮಂತರ ಮನೆಗಳಲ್ಲಿ ಕಲಿಸಿದರು. ಮೊಮ್ಮಗ ಯಾಂಗ್ ಚೆಂಗ್‌ಫು (1883–1936) ಕಾಲಕ್ಕೆ ದೇಶದ ದುರ್ಬಲತೆಯನ್ನು ನೀಗಿಸುವುದೇ ಕಲಿಕೆಯ ಘೋಷಿತ ಉದ್ದೇಶವಾಯಿತು. 1912ರಲ್ಲಿ ಬೀಜಿಂಗ್‌ನಲ್ಲಿ ಹುಟ್ಟಿದ ಕ್ರೀಡಾ ಸಂಶೋಧನಾ ಸಂಘದಲ್ಲಿ ಅವರು ಸಾರ್ವಜನಿಕವಾಗಿ ಕಲಿಸಿದರು. ಚಲನೆಗಳನ್ನು ನಿಧಾನವಾಗಿಯೂ ಸಮವಾಗಿಯೂ ಮಾಡುವ ಅವರ ಬಗೆಯೇ ಇಂದು ಜಗತ್ತಿನೆಲ್ಲೆಡೆ ಕಾಣುವ ತಾಯ್ ಚಿ. ಮೂರೂ ಕಲೆಗಳನ್ನು ಕಲಿತಿದ್ದ ಸುನ್ ಲುಟಾಂಗ್ 1915ರಲ್ಲಿ ಶಿಂಗ್‌ಯಿ ಬಗ್ಗೆಯೂ, 1916ರಲ್ಲಿ ಬಾಗುವಾ ಬಗ್ಗೆಯೂ, 1921ರಲ್ಲಿ ತಾಯ್ ಚಿ ಬಗ್ಗೆಯೂ ಪುಸ್ತಕಗಳನ್ನು ಅಚ್ಚು ಹಾಕಿಸಿದರು. ಅವರಿಗೆ ತಾಯ್ ಚಿ ಸಿಕ್ಕದ್ದು ಹೇಗೆಂಬುದೂ ಕೇಳತಕ್ಕದ್ದು: ಬೀಜಿಂಗ್‌ಗೆ ಬಂದು ಕಾಯಿಲೆ ಬಿದ್ದ ಹಾವ್ ವೇಯ್‌ಝೆನ್ ಎಂಬ ಗುರುವನ್ನು ಅವರು ಆರೈಕೆ ಮಾಡಿದರು, ಗುಣವಾದ ಗುರು ಕೃತಜ್ಞತೆಯಿಂದ ಕಲಿಸಿದರು ಎಂದು ಆ ಪರಂಪರೆ ಹೇಳುತ್ತದೆ. 1928ರಲ್ಲಿ ಚೆನ್ ಫಾಕೆ ಹಳ್ಳಿಯಿಂದ ಬೀಜಿಂಗ್‌ಗೆ ಬಂದ ಮೇಲೆ ಮನೆತನದ ಮೂಲ ಶೈಲಿಯೂ ಹೊರಗಿನವರಿಗೆ ದೊರೆಯಿತು. 2020ರಲ್ಲಿ ಯುನೆಸ್ಕೊ ತಾಯ್ ಚಿಯನ್ನು ಮನುಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಹೀಗಿರುವಾಗ ಇಂದು ವರಸೆಗಳಲ್ಲಿ ಗುಟ್ಟು ಉಳಿದಿಲ್ಲ. ಬೇಕಾದ ಶೈಲಿಯ ಬೇಕಾದ ಸರಣಿ ಅಚ್ಚಿನಲ್ಲೂ ವಿಡಿಯೊದಲ್ಲೂ ಸಿಗುತ್ತದೆ. ಬಾಗಿಲು ದಾಟಿಸಲು ಬಾಯಿಮಾತಿನ ಪಾಠ ಬೇಕು, ಆಮೇಲಿನದು ಎಡೆಬಿಡದ ಸ್ವಂತ ಅಭ್ಯಾಸ ಎಂದು ತಾಯ್ ಚಿಯ ಹಳೆಯ ಪದ್ಯಪಾಠವೊಂದು ಹೇಳುತ್ತದೆ. ಬಾಯಿಮಾತಿನ ಜೊತೆಗೆ ಕೈಸ್ಪರ್ಶವನ್ನೂ ಸೇರಿಸಿಕೊಂಡರೆ ಈಗ ಬಾಗಿಲಿನ ಹಿಂದಿರುವುದೇನೆಂದು ತಿಳಿಯುತ್ತದೆ. ಭುಜದಲ್ಲಿ ಬೇಡದ ಬಿಗಿತ ಎಲ್ಲಿದೆ, ಸೊಂಟ ಯಾವ ಕ್ಷಣದಲ್ಲಿ ಹಿಂದೆ ಸರಿಯಿತು, ಎದುರಾಳಿಯ ತಳ್ಳು ಪಾದಕ್ಕೆ ಇಳಿಯಿತೋ ಬೆನ್ನಲ್ಲೇ ಸಿಕ್ಕಿಕೊಂಡಿತೋ ಎಂಬುದನ್ನು ಗುರು ಕೈಯಿಟ್ಟು ತೋರಿಸಬೇಕು. ಈ ತಿದ್ದುಪಡಿ ಒಬ್ಬರಿಂದ ಒಬ್ಬರಿಗೆ, ನಿಮಿಷಗಳ ಲೆಕ್ಕದಲ್ಲಿ ಮಾತ್ರ ಸಾಧ್ಯ. ಮೂವತ್ತು ಮಂದಿಯ ತರಗತಿಯಲ್ಲಿ ಅದನ್ನು ಪಡೆಯುವವರು ಮೂರ್ನಾಲ್ಕು ಜನ. ಅವರನ್ನು ಉಳಿದವರು ಒಳಗಿನವರೆಂದು ಕರೆಯುತ್ತಾರೆ. ಗುರುವಿನ ಸಮಯಕ್ಕೆ ಮಿತಿಯಿದೆ ಎಂಬ ಸಾಮಾನ್ಯ ಸಂಗತಿಗೆ ರಹಸ್ಯದ ಬಣ್ಣ ಬಂದದ್ದು ಬಹುಮಟ್ಟಿಗೆ ಹೀಗೆ ಎಂದು ನಾನು ಭಾವಿಸುತ್ತೇನೆ.

ಬಾಗಿಲನ್ನು ಪರೀಕ್ಷಿಸುವುದು ಹೇಗೆ

ಗುರುವೊಬ್ಬರು ಯಾವುದನ್ನಾದರೂ ತಡೆಹಿಡಿದಾಗ ಮೂರು ವಿಷಯ ಕೇಳಿ: ಇದನ್ನು ನಿಮ್ಮಲ್ಲಿ ಯಾರು ಕಲಿತಿದ್ದಾರೆ, ಅವರಿಗೆ ಎಷ್ಟು ಕಾಲ ಹಿಡಿಯಿತು, ನಾನು ಏನನ್ನು ಮಾಡಲು ಶಕ್ತರಾದಾಗ ಇದು ನನಗೆ ಸಿಗುತ್ತದೆ. ಕೇಳುವ ಧ್ವನಿಯಲ್ಲಿ ವಿನಯವಿರಲಿ, ಆದರೆ ಕೇಳದೆ ಇರಬೇಡಿ. "ಒಂಟಿಗಾಲಿನ ಮೇಲೆ ತೂಕ ಬದಲಿಸುವಾಗ ನಿಮ್ಮ ಮೊಣಕಾಲು ಇನ್ನೂ ಒಳಗೆ ಬೀಳುತ್ತಿದೆ, ಅದು ನಿಂತ ಮೇಲೆ ಸ್ಫೋಟಕ ಬಲದ ಅಭ್ಯಾಸ ಕೊಡುತ್ತೇನೆ" ಎಂಬ ಉತ್ತರ ಬಂದರೆ ಅದು ಸರಿಯಾದ ತಡೆ. ಬಲವನ್ನು ಒಮ್ಮೆಲೇ ಹೊರಹಾಕುವ ಫಾಜಿನ್ ಅಭ್ಯಾಸ ಜೋಡಣೆ ಸರಿಯಿಲ್ಲದ ದೇಹದಲ್ಲಿ ಮಂಡಿ ಮತ್ತು ಕೆಳಬೆನ್ನಿನ ಮೇಲೆ ಬೀಳುತ್ತದೆ. ಹಾಗೆಯೇ, ಇಬ್ಬರು ಕೈಗೆ ಕೈ ತಾಗಿಸಿ ಒಬ್ಬರ ಸಮತೋಲವನ್ನು ಇನ್ನೊಬ್ಬರು ಕೆಡಿಸಲು ನೋಡುವ ತುಯ್ ಶೋ ಅಭ್ಯಾಸದಲ್ಲಿ ಹೊಸಬರನ್ನು ಸ್ಪರ್ಧೆಗೆ ಬಿಡದಿರುವುದೂ ಸಕಾರಣವೇ, ಏಕೆಂದರೆ ಸೋಲಬಾರದೆಂಬ ಹಟದಲ್ಲಿ ಅವರು ತೋಳಬಲವನ್ನೇ ಕಲಿತುಬಿಡುತ್ತಾರೆ. ಹಿರಿಯರ ಅಪ್ಪಣೆ ಕೇಳಿ ಮಣ್ಣಿಗಿಳಿಯುವ ನಮ್ಮ ಗರಡಿ ಮನೆಯ ಶಿಸ್ತನ್ನು ಕಂಡವರಿಗೆ ಇದು ಹೊಸದೆನಿಸದು.

"ನೀವಿನ್ನೂ ಪಕ್ವವಾಗಿಲ್ಲ" ಎಂಬ ಉತ್ತರಕ್ಕೆ ಅಳತೆಯಿಲ್ಲ; ಅದು ಇಂದಿಗೂ ಹೊಂದುತ್ತದೆ, ಹತ್ತು ವರ್ಷದ ಬಳಿಕವೂ ಹೊಂದುತ್ತದೆ. ಅದರ ಜೊತೆಗೆ "ಆದರೆ ವಿಶೇಷ ಶಿಬಿರಕ್ಕೆ ಸೇರಿದರೆ" ಎಂಬ ಮಾತೂ ಬಂದರೆ ತಡೆದಿರುವುದು ಪಕ್ವತೆಯಲ್ಲ, ಹಣ. ಶುಲ್ಕ ಕೇಳುವುದರಲ್ಲಿ ತಪ್ಪೇನಿಲ್ಲ, ಕಲಿಸುವವರೂ ಬದುಕಬೇಕು. ಶುಲ್ಕವನ್ನು ಅರ್ಹತೆಯ ವೇಷದಲ್ಲಿ ಕೇಳುವುದು ತಪ್ಪು. ಐದಾರು ವರ್ಷ ಕಲಿತ ಹಿರಿಯ ಶಿಷ್ಯರೇ ಕಾಣದ ಶಾಲೆ, ಇದ್ದರೂ ಗುರುವಿನ ಸಾಮರ್ಥ್ಯದ ಹತ್ತಿರಕ್ಕೂ ಒಬ್ಬರೂ ಬಾರದ ಶಾಲೆ, ಬೇರೆಡೆ ಹೋಗಿ ನೋಡಿದ್ದನ್ನೇ ದ್ರೋಹವೆಂದು ಎಣಿಸುವ ಶಾಲೆ: ಇವುಗಳಲ್ಲಿ ಯಾವುದಾದರೂ ಒಂದು ಕಂಡರೂ ಎರಡನೆಯ ತಿಂಗಳ ಶುಲ್ಕ ಕಟ್ಟುವ ಮೊದಲು ಯೋಚಿಸಿ.

ಸ್ಪರ್ಶದ ಪರೀಕ್ಷೆ ಎಲ್ಲಕ್ಕಿಂತ ನಂಬಲರ್ಹ. ಗುರು ತಮ್ಮ ಶಿಷ್ಯರನ್ನು ಹಲವು ಅಡಿ ಹಾರಿಸುವುದನ್ನು ನೋಡಿ ಬೆರಗಾಗಬೇಡಿ. ವರ್ಷಗಟ್ಟಲೆ ಒಂದೇ ಕೋಣೆಯಲ್ಲಿ ಅಭ್ಯಾಸ ಮಾಡಿದ ಶಿಷ್ಯರು ಗುರುವಿನ ಕೈ ಅಲುಗಿದೊಡನೆ ತಮಗರಿವಿಲ್ಲದೆಯೇ ಜಿಗಿಯುವಂತಾಗಿರುತ್ತಾರೆ, ಅವರಲ್ಲಿ ಬಹುಪಾಲು ಜನ ಸುಳ್ಳು ನಟಿಸುವವರಲ್ಲ. "ನಾನು ಬೀಳಲೂ ಪ್ರಯತ್ನಿಸುವುದಿಲ್ಲ, ಎದುರಿಸಲೂ ಪ್ರಯತ್ನಿಸುವುದಿಲ್ಲ, ಸುಮ್ಮನೆ ನಿಂತಿರುತ್ತೇನೆ, ನಿಮ್ಮ ತಳ್ಳು ಹೇಗಿರುತ್ತದೆಂದು ಅನುಭವಿಸಬಹುದೇ?" ಎಂದು ಕೇಳಿ. ನುರಿತವರು ನಗುತ್ತ ಒಪ್ಪುತ್ತಾರೆ. ಅವರ ಕೈ ಹಗುರವಾಗಿ ತಾಗಿದರೂ ನಿಮ್ಮ ಹಿಮ್ಮಡಿ ಎದ್ದುಹೋಗುವುದು ಗೊತ್ತಾಗುತ್ತದೆ. ಸಂದೇಹವಿರುವವರ ಮೇಲೆ ಶಕ್ತಿ ಕೆಲಸ ಮಾಡುವುದಿಲ್ಲ ಎಂಬ ವಿವರಣೆ ಬಂದರೆ ನಮಸ್ಕಾರ ಹೇಳಿ ಹೊರಡಿ. ಮುಟ್ಟದೆಯೇ ಕೆಡವುವವರ ಬಗ್ಗೆ ಹೇಳಲು ಬೇರೇನೂ ಇಲ್ಲ.

ಹೊಸ್ತಿಲಲ್ಲಿ ನಿಮ್ಮ ನಡತೆ

ತಡೆಯುವವರನ್ನು ಮಾತ್ರ ದೂರಿ ಪ್ರಯೋಜನವಿಲ್ಲ, ಬಾಗಿಲು ಮುಚ್ಚಲು ಎಷ್ಟೋ ಸಲ ಕಲಿಯುವವರೇ ಕಾರಣ. ಬೆಂಗಳೂರಿನಲ್ಲಿರಲಿ, ಹೊರದೇಶದಲ್ಲಿರಲಿ, ಮೊದಲು ಒಂದು ತರಗತಿಯನ್ನು ಸುಮ್ಮನೆ ಕೂತು ನೋಡಲು ಅನುಮತಿ ಕೇಳಿ. ಗುರುವಿನೊಡನೆ ಮಾತನಾಡುವಾಗ ನೀವು ಬರೆದಿಟ್ಟ ವಾಕ್ಯವನ್ನು ಹಾಗೆಯೇ ಹೇಳಿ. ಹೊಡೆದಾಟ ಬೇಕಾದವರು ಆರೋಗ್ಯಕ್ಕೆಂದು ಹೇಳಿಕೊಂಡು ಒಳಗೆ ಬಂದರೆ ಗುರುವಿಗೆ ಅದು ಬೇಗನೆ ಗೊತ್ತಾಗುತ್ತದೆ, ನಂಬಿಕೆ ಅಲ್ಲಿಗೇ ಹೋಗುತ್ತದೆ. ಹಿಂದೆ ಕರಾಟೆಯನ್ನೋ ಯೋಗವನ್ನೋ ಕಲಿತಿದ್ದರೆ ಅದನ್ನೂ ಒಮ್ಮೆ ತಿಳಿಸಿ, ಆಮೇಲೆ ಆ ಮಾತು ತೆಗೆಯಬೇಡಿ. ಕೇಳದೆ ಚಿತ್ರೀಕರಿಸಬೇಡಿ, ಹಗುರವಾಗಿ ತೋರಿಸಿಕೊಳ್ಳುವವರೆಂದು ವಾಂಗ್ ಝೆಂಗ್‌ನಾನ್ ಹೊರಗಿಟ್ಟವರ ಇಂದಿನ ರೂಪ ಮೊಬೈಲ್ ಹಿಡಿದು ನಿಂತಿರುತ್ತದೆ. ಸಹಪಾಠಿಗಳನ್ನು ತಿದ್ದುವ ಚಟವನ್ನೂ ಬಿಡಬೇಕು.

ಗುರುವಿನ ಸಮಯವನ್ನು ಗಳಿಸುವ ಮಾರ್ಗ ಒಂದೇ. ಕೊಟ್ಟ ಒಂದು ತಿದ್ದುಪಡಿಯನ್ನು ಮನೆಯಲ್ಲಿ ದಿನವೂ ಮಾಡಿ, ಮುಂದಿನ ವಾರ ಬರುವಾಗ ದೇಹದಲ್ಲಿ ಅದು ಉಳಿದಿರುವಂತೆ ನೋಡಿಕೊಳ್ಳುವುದು. ಅದೇ ತಪ್ಪನ್ನು ಆರು ತಿಂಗಳು ಹೊತ್ತುಬರುವ ಶಿಷ್ಯರಿಗೆ ಏಳನೆಯ ತಿಂಗಳಲ್ಲಿ ಹೊಸದನ್ನು ಹೇಳಲು ಯಾರಿಗೂ ಉತ್ಸಾಹವಿರುವುದಿಲ್ಲ, ಶಿಷ್ಯರು ಅದನ್ನು ಬಚ್ಚಿಡುವಿಕೆಯೆಂದು ತಿಳಿಯುತ್ತಾರೆ. ಹೊಸ ವರಸೆ ಕೇಳುವ ಬದಲು "ಕಳೆದ ಬಾರಿ ಸೊಂಟದ ಬಗ್ಗೆ ಹೇಳಿದ್ದಿರಿ, ಈಗ ನೋಡುತ್ತೀರಾ" ಎಂದು ಕೇಳಿದವರ ಬಳಿ ಗುರು ತಾನಾಗಿ ಹೆಚ್ಚು ಹೊತ್ತು ನಿಲ್ಲುತ್ತಾರೆ.

ದೀಕ್ಷೆಯ ವಿಚಾರ

ಚೀನೀ ಪರಂಪರೆಯಲ್ಲಿ ಬಾಯ್‌ಶಿ ಎಂಬ ವಿಧಿಯ ಮೂಲಕ ಸಾಮಾನ್ಯ ವಿದ್ಯಾರ್ಥಿಯು ಮನೆಯ ಶಿಷ್ಯನಾಗುತ್ತಾನೆ ಅಥವಾ ಶಿಷ್ಯೆಯಾಗುತ್ತಾಳೆ. ಸಾಕ್ಷಿಗಳ ಮುಂದೆ ಲಿಖಿತ ವಿನಂತಿಪತ್ರ ಒಪ್ಪಿಸುವುದು, ತಲೆಬಾಗಿ ನಮಸ್ಕರಿಸುವುದು, ಗುರುವಿಗೆ ಚಹಾ ಕೊಡುವುದು, ಕೆಂಪು ಲಕೋಟೆಯಲ್ಲಿ ಕಾಣಿಕೆ ಸಲ್ಲಿಸುವುದು ಸಾಮಾನ್ಯವಾಗಿ ಅದರ ಅಂಗಗಳು. ವಿಧಿ ಮುಗಿಯುವ ಮೊದಲು ಗುರುವನ್ನು 'ಲಾವ್‌ಶಿ' ಎಂದು ಸಂಬೋಧಿಸುವುದು ಸುರಕ್ಷಿತ. 'ಶಿಫು' ಎಂದೊಡನೆ ತಂದೆ-ಮಕ್ಕಳಂಥ ಹೊಣೆಗಾರಿಕೆಯನ್ನು ನೀವು ಹೇಳಿಕೊಂಡಂತಾಗಬಹುದು. ನಮ್ಮಲ್ಲಿ ಗುರು ಎಂದೊಡನೆ ಕಾಲಿಗೆರಗುವ ಅಭ್ಯಾಸ ಬಲವಾಗಿರುವುದರಿಂದ, ಕನ್ನಡಿಗರು ಈ ಹೆಜ್ಜೆಯನ್ನು ಅವಸರದಲ್ಲಿ ಇಡುವ ಅಪಾಯ ಹೆಚ್ಚೆಂದು ನನಗನಿಸುತ್ತದೆ. ಶಿಂಗ್‌ಯಿಯಿಂದ ಬೆಳೆದ ಯಿಚುವಾನ್ ಶೈಲಿಯನ್ನು ರೂಪಿಸಿದ ವಾಂಗ್ ಶಿಯಾಂಗ್‌ಜಾಯ್ (1885–1963) ಈ ಗುರು-ಶಿಷ್ಯ ಕಟ್ಟಳೆಯನ್ನೇ ತೆಗೆದುಹಾಕಬೇಕೆಂದು 1940ರ ದಶಕದಲ್ಲೇ ವಾದಿಸಿದ್ದರು ಎಂಬುದನ್ನೂ ನೆನಪಿಡಿ. ಅಂದರೆ ಅದನ್ನು ಪ್ರಶ್ನಿಸುವುದು ಹೊರಗಿನವರ ಉದ್ಧಟತನವಲ್ಲ.

ಕನಿಷ್ಠ ಮೂರು ವರ್ಷ ಜೊತೆಯಲ್ಲಿ ಅಭ್ಯಾಸ ಮಾಡಿರದವರು ದೀಕ್ಷೆಗೆ ಒಪ್ಪಬಾರದು, ಗುರುವೇ ಕರೆದರೂ ಸರಿ. ಒಪ್ಪುವ ಮೊದಲು ಕಾಣಿಕೆ ಎಷ್ಟು, ಹಬ್ಬಹರಿದಿನಗಳಲ್ಲಿ ನಿರೀಕ್ಷೆ ಏನು, ಬೇರೆಯವರ ಬಳಿ ಕಲಿಯಬಹುದೇ, ತಾನು ಯಾವಾಗ ಕಲಿಸಬಹುದು ಎಂಬುದನ್ನು ಈಗಾಗಲೇ ದೀಕ್ಷೆ ಪಡೆದ ಇಬ್ಬರು ಶಿಷ್ಯರಿಂದ ಬೇರೆ ಬೇರೆಯಾಗಿ ಕೇಳಿ ತಿಳಿಯಿರಿ. ಇಬ್ಬರ ಉತ್ತರ ಒಂದೇ ಆಗಿದ್ದರೆ ಆ ಮನೆಯಲ್ಲಿ ನಿಯಮವಿದೆ. ಬೇರೆಯಾಗಿದ್ದರೆ ಅಲ್ಲಿರುವುದು ಗುರುವಿನ ಆ ಹೊತ್ತಿನ ಇಷ್ಟ.

ಬಿಟ್ಟು ಹೋಗಬೇಕೆನಿಸಿದಾಗ ಕಾರಣವನ್ನು ಎರಡು ಮಾತಿನಲ್ಲಿ ನೇರವಾಗಿ ತಿಳಿಸಿ, ಬಾಕಿಯಿದ್ದರೆ ಕೊಟ್ಟು, ಸಹಪಾಠಿಗಳನ್ನು ಜೊತೆಗೆ ಕರೆಯದೆ ಹೋಗಿ. ಮುಂದೆ ನೀವೇ ನಾಲ್ವರಿಗೆ ಹೇಳಿಕೊಡುವ ಸಂದರ್ಭ ಬಂದರೆ, ಯಾವುದನ್ನು ಯಾರಿಂದ ಎಷ್ಟು ಕಾಲ ಕಲಿತಿರಿ ಎಂಬುದನ್ನು ಮೊದಲ ದಿನವೇ ಅವರಿಗೆ ಹೇಳಿ. ನಿಮಗೆ ಬಾರದ ಅಭ್ಯಾಸವನ್ನು ಅವರು ಕೇಳಿದಾಗ, ಅದು ನಿಮಗೆ ಬಾರದೆಂದು ಹೇಳಿ, ಬಲ್ಲವರ ವಿಳಾಸ ಕೊಡಿ.